ಹುರಿದ ದಿನದ ಕಂಪು

ಮಲೆನಾಡಿನ ಮನೆಗೆ ನೆಂಟರು ಬಂದರೆ ಮೊದಲು ಕಾಲು ತೊಳೆಯಲು ನೀರು, ಅನಂತರ ಒಂದು ಚೂರು ಬೆಲ್ಲ ಮತ್ತು ಕುಡಿಯಲು ತಣ್ಣೀರು, ಆಮೇಲೆ ‘ಆಸರಿಗೆ ಏನು ಮಾಡಲಿ?’ ಎಂಬ ಪ್ರಶ್ನೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯವರಿಗೆ ಈ ಕ್ರಮವನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಮಜ್ಜಿಗೆ, ಪಾನಕ, ಕಷಾಯಗಳ ಸಾಲಿಗೆ ತಡವಾಗಿ ಬಂದು ಸೇರಿದ ಕಾಫಿ ಇಂದು ಆ ಸಾಲಿನ ಮೊದಲಿಗೇ ಬಂದು ಕುಳಿತಿದೆ. ಅದಕ್ಕೆ ನನ್ನ ಆಕ್ಷೇಪವೇನೂ ಇಲ್ಲ. ನಾನೂ ಬೆಳಗಿನ ಕಾಫಿಯಿಲ್ಲದೆ ದಿನವನ್ನು ಆರಂಭಿಸಲಾರದವನೇ.

ಕೆಲವು ಸಮಯದ ಹಿಂದೆ, ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮನೆಗೆ ಹೋಗಿದ್ದೆ. ಅಂಗಳದ ತುಂಬ ಕಾಫಿ ಹಣ್ಣನ್ನು ಒಣಗಲು ಹರವಿದ್ದರು. ಅಡಿಕೆ ತೋಟದ ನಡುವೆ ಬೆಳೆದದ್ದು. ಜಗಲಿಯಲ್ಲಿ ಕುಳಿತ ನನಗೆ ಲೋಟದಲ್ಲಿ ಕಾಫಿ ಬಂತು. ಬಣ್ಣ ಚೆನ್ನಾಗಿತ್ತು, ಹಾಲು ದಪ್ಪವಾಗಿತ್ತು, ಕೊಟ್ಟವರ ಪ್ರೀತಿಗೆ ಕೊರತೆ ಇರಲಿಲ್ಲ. ಆದರೆ ಕಾಫಿಯ ಕಂಪು ಮಾತ್ರ ಇರಲಿಲ್ಲ. ವಿಚಾರಿಸಿದೆ. ಪೇಟೆಯ ಅಂಗಡಿಯಿಂದ ತಂದ ಪೊಟ್ಟಣದ ಪುಡಿ. ಅದರಲ್ಲಿ ಅರ್ಧದ ಹತ್ತಿರ ಚಿಕೋರಿ. ‘ಅಂಗಳದಲ್ಲಿ ಇಷ್ಟು ಕಾಫಿ ಇದೆಯಲ್ಲ?’ ಎಂದೆ. ‘ಇದನ್ನು ಹುರಿಯುವವರು ಯಾರು ಸರ್? ಅಜ್ಜಿ ಹೋದ ಮೇಲೆ ಆ ಕೆಲಸ ನಿಂತೇ ಹೋಯಿತು’ ಎಂದರು ಅವರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಬೆಳೆದವನು ತನ್ನ ಬೆಳೆಯ ರುಚಿಯನ್ನೇ ಅರಿಯದಿರುವುದು ಸಣ್ಣ ನಷ್ಟವಲ್ಲ. ಹುರಿಯುವುದು ಅಷ್ಟು ಕಷ್ಟದ ವಿದ್ಯೆಯೇ? ಅಲ್ಲವೆಂಬುದನ್ನು ನಿವೃತ್ತನಾದ ಮೇಲೆ, ಹಲವು ಸಲ ಬೀಜ ಸೀಯಿಸಿ, ಮನೆಯವರಿಂದ ಅನ್ನಿಸಿಕೊಂಡು, ನಾನೇ ಕಲಿತಿದ್ದೇನೆ. ಆ ಅನುಭವವನ್ನೇ ಈ ಹೊತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಾಫಿ ನಮ್ಮ ನೆಲಕ್ಕೆ ಬಂದ ಕಥೆ ಎಲ್ಲರಿಗೂ ತಿಳಿದದ್ದು. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಮೆಕ್ಕಾ ಯಾತ್ರೆಯಿಂದ ಮರಳುವಾಗ ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪ್ರತೀತಿ. ಈ ಕಥೆಯಲ್ಲಿ ನಾವು ಗಮನಿಸದೆ ಬಿಡುವ ಒಂದು ಅಂಶವಿದೆ. ಅವರು ತಂದದ್ದು ಹಸಿ ಬೀಜ. ಹುರಿದ ಬೀಜ ಮೊಳೆಯಲಾರದು. ಹಸಿ ಬೀಜದಲ್ಲಿ ಜೀವವಿದೆ, ಆದರೆ ಕಾಫಿಯ ಕಂಪಿಲ್ಲ. ಮೂಸಿ ನೋಡಿದರೆ ಒಣಹುಲ್ಲಿನ ವಾಸನೆಯಷ್ಟೇ. ಹುರಿದಾಗ ಜೀವ ಹೋಗುತ್ತದೆ, ಕಂಪು ಹುಟ್ಟುತ್ತದೆ. ಹಾಗೆ ಹುಟ್ಟಿದ ಕಂಪು ಅಲ್ಪಾಯು. ಚೆನ್ನಾಗಿ ಒಣಗಿಸಿದ ಹಸಿ ಬೀಜ ಒಂದು ವರ್ಷದವರೆಗೂ ಕೆಡದೆ ಇರಬಲ್ಲದು. ಹುರಿದ ಬೀಜದ ಸೊಗಸು ಎರಡು ಮೂರು ವಾರ. ಪುಡಿ ಮಾಡಿದ ಮೇಲೆ ಕೆಲವೇ ದಿನ. ವರ್ಷ, ವಾರ, ದಿನ – ಈ ಮೂರು ಲೆಕ್ಕವನ್ನು ನೆನಪಿಟ್ಟುಕೊಂಡರೆ ಒಳ್ಳೆಯ ಕಾಫಿಯ ಗುಟ್ಟಿನ ಮುಕ್ಕಾಲು ಭಾಗ ತಿಳಿದಂತೆಯೇ.

ಹೀಗೇಕೆ? ಒಣಗಿದ ಬೀಜದಲ್ಲಿ ನೂರಕ್ಕೆ ಹತ್ತು ಹನ್ನೆರಡು ಪಾಲು ನೀರು ಉಳಿದಿರುತ್ತದೆ. ಕಾವಿಗೆ ಮೊದಲು ಆ ನೀರು ಆವಿಯಾಗುತ್ತದೆ. ಬಳಿಕ ಬೀಜದೊಳಗಿನ ಸಕ್ಕರೆ ಮತ್ತು ಸಸಾರಜನಕದ ಅಂಶಗಳು ಒಂದರೊಡನೊಂದು ಬೆರೆತು ಹೊಸ ಹೊಸ ಪದಾರ್ಥಗಳಾಗುತ್ತವೆ. ರೊಟ್ಟಿ ಕೆಂಪಗೆ ಬೇಯುವಾಗ, ಕಡಲೆ ಹುರಿಯುವಾಗ ಏಳುವ ಪರಿಮಳಕ್ಕೂ ಇದೇ ಕಾರಣ. ಹುರಿದ ಕಾಫಿಯಲ್ಲಿ ಗಾಳಿಗೆ ಹಾರುವ ಇಂಥ ಪದಾರ್ಥಗಳು 800ಕ್ಕೂ ಹೆಚ್ಚಿವೆಯೆಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಹಾರುವ ಗುಣದಿಂದಲೇ ಅವು ನಮ್ಮ ಮೂಗನ್ನು ಮುಟ್ಟುತ್ತವೆ. ಅದೇ ಗುಣದಿಂದ ನಮ್ಮ ಕೈ ತಪ್ಪಿಯೂ ಹೋಗುತ್ತವೆ. ಇಡೀ ಬೀಜದೊಳಗೆ ಅವಕ್ಕೆ ಗೋಡೆಯ ರಕ್ಷಣೆಯಿದೆ. ಪುಡಿ ಮಾಡಿದಾಗ ಗೋಡೆ ಒಡೆದು ಗಾಳಿ ಒಳನುಗ್ಗುತ್ತದೆ. ತಿಂಗಳುಗಟ್ಟಲೆ ಅಂಗಡಿಯಲ್ಲಿ ಕುಳಿತ ಪುಡಿಯಲ್ಲಿ ಕಹಿ ಉಳಿದಿರುತ್ತದೆ, ಬಣ್ಣ ಉಳಿದಿರುತ್ತದೆ, ಕಂಪು ಹೊರಟುಹೋಗಿರುತ್ತದೆ.

ನಮ್ಮ ಮೂರು ತಾಲ್ಲೂಕುಗಳ ಬಹುಭಾಗ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರಿಗೂ ಮೇಲಿನ ತಂಪು ಬಯಸುವ ಅರೇಬಿಕಾಕ್ಕಿಂತ ಈ ಎತ್ತರಕ್ಕೆ ರೊಬಸ್ಟಾ ಜಾತಿಯೇ ಹೆಚ್ಚು ಒಗ್ಗುತ್ತದೆ. ಅರೇಬಿಕಾಕ್ಕೆ ನಯವಾದ ಹುಳಿ ಮತ್ತು ಪರಿಮಳ. ರೊಬಸ್ಟಾಕ್ಕೆ ಗಟ್ಟಿತನ, ಕಹಿ ಮತ್ತು ಹೆಚ್ಚುಕಡಿಮೆ ಎರಡು ಪಾಲು ಕೆಫೀನ್. ಹಾಲು ಬೆರೆಸಿ ಕುಡಿಯುವ ನಮ್ಮಂಥವರಿಗೆ ರೊಬಸ್ಟಾ ಕೀಳೇನೂ ಅಲ್ಲ. ಹಾಲಿನ ಎದುರು ತಲೆಯೆತ್ತಿ ನಿಲ್ಲುವ ಶಕ್ತಿ ಅದಕ್ಕಿದೆ. ಸಾಧ್ಯವಾದರೆ ಚಿಕ್ಕಮಗಳೂರು ಕಡೆಯ ಅರೇಬಿಕಾ ಬೀಜವನ್ನು ಸಮಪಾಲು ಸೇರಿಸಿದರೆ ಗಟ್ಟಿತನವೂ ಪರಿಮಳವೂ ಕೂಡಿ ಬರುತ್ತವೆ. ಆದರೆ ಎರಡನ್ನೂ ಬೇರೆ ಬೇರೆಯಾಗಿ ಹುರಿದು ಆಮೇಲೆ ಬೆರೆಸಬೇಕು. ಒಂದರ ಹದ ಇನ್ನೊಂದರದಲ್ಲ.

ಇನ್ನು ಕೆಲಸದ ಮಾತು. ಪೂರ್ತಿ ಹಣ್ಣಾದದ್ದನ್ನು ಮಾತ್ರ ಕೊಯ್ದು, ಬರಿಯ ಮಣ್ಣಿನ ಮೇಲಲ್ಲದೆ ಶುದ್ಧವಾದ ಕಣದಲ್ಲಿ ತೆಳ್ಳಗೆ ಹರವಿ, ದಿನವೂ ಕೈಯಾಡಿಸಿ ಒಣಗಿಸಬೇಕು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಣಗಿದ ಚೆರಿಯೊಳಗೆ ಬೀಜ ಗಲಗಲ ಸದ್ದು ಮಾಡುತ್ತದೆ. ಒರಳಿನಲ್ಲಿ ಹಗುರವಾಗಿ ಕುಟ್ಟಿ, ಮೊರದಲ್ಲಿ ಕೇರಿದರೆ ಎರಡು ಕಿಲೋ ಚೆರಿಗೆ ಹೆಚ್ಚುಕಡಿಮೆ ಒಂದು ಕಿಲೋ ಬೀಜ ದೊರೆಯುತ್ತದೆ. ಕಪ್ಪಾದದ್ದು, ಹುಳು ಕೊರೆದದ್ದು, ಬೂಸಲು ಹಿಡಿದದ್ದನ್ನು ಆರಿಸಿ ಎಸೆಯಬೇಕು. ಒಂದು ಕೆಟ್ಟ ಬೀಜ ಇಡೀ ಲೋಟವನ್ನು ಕೆಡಿಸಬಲ್ಲದು.

ದಾಸ್ತಾನಿನಲ್ಲಿಯೂ ಎಚ್ಚರ ಬೇಕು. ಕಾಫಿ ಬೀಜ ಸುತ್ತಲಿನ ತೇವವನ್ನೂ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಆಗುಂಬೆ, ಹುಲಿಕಲ್ಲುಗಳ ಮಳೆಯ ಕೆಳಗೆ ಬದುಕುವ ನಾವು ಇದನ್ನು ಮರೆಯುವಂತಿಲ್ಲ. ಪಶ್ಚಿಮ ಕರಾವಳಿಯಲ್ಲಿ ಬೀಜವನ್ನು ಬೇಕೆಂದೇ ಮಳೆಗಾಳಿಗೆ ಒಡ್ಡಿ ಉಬ್ಬಿಸಿ, ‘ಮಾನ್ಸೂನ್ಡ್ ಮಲಬಾರ್’ ಎಂದು ಹೊರದೇಶಗಳಿಗೆ ಕಳುಹಿಸುವುದುಂಟು. ಅದು ಪಳಗಿದ ಕೈಗಳ ಕೆಲಸ. ನಮ್ಮ ಅಟ್ಟದ ಮೂಲೆಯಲ್ಲಿ ತಾನಾಗಿ ತೇವ ಹಿಡಿದರೆ ಬರುವುದು ಬೂಸಲು. ಆದ್ದರಿಂದ ಮುಚ್ಚಳ ಬಿಗಿಯಾದ ಡಬ್ಬಿ ಬೇಕು. ಅಡಿಕೆ ಚೊಗರು, ಕಾಳುಮೆಣಸು, ಸೀಮೆಎಣ್ಣೆಗಳ ಹತ್ತಿರ ಅದನ್ನು ಇಡಬಾರದು.

ಹುರಿಯಲು ದಪ್ಪ ತಳದ ಕಬ್ಬಿಣದ ಬಾಣಲೆ ಸಾಕು. ಒಮ್ಮೆಗೆ 200 ಗ್ರಾಮಿಗಿಂತ ಹೆಚ್ಚು ಹಾಕಬೇಡಿ. ಹದವಾದ ಉರಿಯಲ್ಲಿ, ಸಟ್ಟುಗವನ್ನು ಒಂದು ಗಳಿಗೆಯೂ ನಿಲ್ಲಿಸದೆ ಆಡಿಸುತ್ತಿರಬೇಕು. ನಡುವೆ ದೂರವಾಣಿ ಬಂದರೆ ಎತ್ತಿಕೊಳ್ಳಬೇಡಿ. ನನ್ನ ಮೊದಲ ಎರಡು ಹುರಿಗಳು ಹಾಗೆಯೇ ಹಾಳಾದವು. ಹಸುರು ಬಣ್ಣ ಮೊದಲು ಹಳದಿಗೆ ತಿರುಗುತ್ತದೆ. ಹುಲ್ಲಿನ ವಾಸನೆ ಹೋಗಿ ಸುಟ್ಟ ರೊಟ್ಟಿಯ ವಾಸನೆ ಬರುತ್ತದೆ. ಆಮೇಲೆ ದಾಲ್ಚಿನ್ನಿಯ ಬಣ್ಣ. ಸುಮಾರು ಹತ್ತು ನಿಮಿಷವಾಗುವ ಹೊತ್ತಿಗೆ, ಬೀಜದ ಶಾಖ 200 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಬಂದಾಗ, ಚಟ್ ಚಟ್ ಎಂದು ಸಿಡಿಯುವ ಸದ್ದು ಕೇಳುತ್ತದೆ. ಒಳಗಿನ ಆವಿ ಬೀಜವನ್ನು ಬಿರಿಯಿಸುವ ಸದ್ದು ಅದು. ಬೀಜ ಉಬ್ಬುತ್ತದೆ, ತೆಳುವಾದ ಪೊರೆ ಕಳಚಿ ಹಾರುತ್ತದೆ. ನನ್ನ ಅಜ್ಜಿಗೆ ಶಾಖಮಾಪಕ ಗೊತ್ತಿರಲಿಲ್ಲ. ಕೊನೆಗಾಲದಲ್ಲಿ ಆಕೆಗೆ ಕಣ್ಣೂ ಮಂಜಾಗಿತ್ತು. ಆದರೂ ಈ ಸದ್ದು ಕೇಳಿ, ಅದು ನಿಂತ ಮೇಲೆ ಇನ್ನೊಂದೆರಡು ನಿಮಿಷ ಕೈಯಾಡಿಸಿ, ‘ಆತು, ಇಳಿಸು’ ಎನ್ನುತ್ತಿದ್ದಳು. ಒಂದು ದಿನವೂ ಆಕೆಯ ಹದ ತಪ್ಪಿದ್ದು ನನಗೆ ನೆನಪಿಲ್ಲ.

ಇನ್ನೂ ಬಿಟ್ಟರೆ ಎರಡನೆಯ ಸಲ, ಈ ಬಾರಿ ಸಣ್ಣದಾಗಿ, ಸಿಡಿಯುತ್ತದೆ. ಮೈಮೇಲೆ ಎಣ್ಣೆ ಜಿನುಗುತ್ತದೆ. ಅದರಾಚೆಗಿರುವುದು ಇದ್ದಿಲು. ಎರಡು ಸದ್ದುಗಳ ನಡುವೆ ಇಳಿಸುವುದೇ ಮನೆಯ ಹದ. ಇಳಿಸಿದೊಡನೆ ಮೊರಕ್ಕೆ ಸುರಿದು ಗಾಳಿಗೆ ಕೇರಬೇಕು. ಬಾಣಲೆಯಲ್ಲೇ ಬಿಟ್ಟರೆ ತನ್ನ ಕಾವಿನಲ್ಲಿ ತಾನೇ ಸೀದುಹೋಗುತ್ತದೆ. 200 ಗ್ರಾಮ್ ಹಾಕಿದ್ದು ಈಗ 165 – 170 ಗ್ರಾಮಿಗೆ ಇಳಿದಿರುತ್ತದೆ. ಹೊಸದಾಗಿ ಹುರಿದ ಬೀಜ ಇಂಗಾಲಾಮ್ಲವನ್ನು ಹೊರಬಿಡುತ್ತಿರುವುದರಿಂದ ಒಂದು ದಿನ ಸುಮ್ಮನಿರಿಸಿ ಮರುದಿನದಿಂದ ಬಳಸುವುದು ಲೇಸು. ಇಬ್ಬರಿರುವ ಮನೆಗೆ, ದಿನಕ್ಕೆರಡು ಲೋಟದಂತೆ, ಇಷ್ಟು ಬೀಜ ನಾಲ್ಕು ದಿನಕ್ಕೆ ಸಾಕು. ಬೇಕಾದಷ್ಟನ್ನೇ ಆಗಾಗ ಕೈಮಿಷನ್ನಿನಲ್ಲಿ ಬೀಸಿಕೊಳ್ಳಿ. ತೀರ ನುಣ್ಣಗಾದರೆ ಫಿಲ್ಟರಿನಲ್ಲಿ ನೀರು ಇಳಿಯದು. ಕುದಿ ಬಂದ ನೀರನ್ನು ಅರ್ಧ ನಿಮಿಷ ಆರಗೊಟ್ಟು, ಮೊದಲು ಪುಡಿ ನೆನೆಯುವಷ್ಟು, ಅನಂತರ ಉಳಿದದ್ದನ್ನು ಹುಯ್ಯಬೇಕು. ಒಮ್ಮೆ ಇಳಿಸಿದ ಡಿಕಾಕ್ಷನ್ನನ್ನು ಮತ್ತೆ ಕುದಿಸಬಾರದು.

ಚಿಕೋರಿಯ ಬಗ್ಗೆ ಒಂದು ಮಾತು. ಅದು ಕಾಫಿಯಲ್ಲ, ಒಂದು ಗಿಡದ ಬೇರು. ಯೂರೋಪಿನಲ್ಲಿ ನೆಪೋಲಿಯನ್ ಕಾಲದ ಯುದ್ಧಗಳಿಂದ ಕಾಫಿ ದುರ್ಲಭವಾದಾಗ ಅದರ ಬಳಕೆ ಹಬ್ಬಿತು. ವಿಷವೇನೂ ಅಲ್ಲ, ಬಣ್ಣ ಮತ್ತು ಮಂದತೆ ಕೊಡುತ್ತದೆ, ಕೆಫೀನ್ ಇಲ್ಲ. ಮಿಶ್ರಣದಲ್ಲಿ ಕಾಫಿಯ ಪಾಲು ನೂರಕ್ಕೆ 51ಕ್ಕಿಂತ ಕಡಿಮೆಯಿರಬಾರದೆಂದೂ, ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಬೇಕೆಂದೂ ನಿಯಮವಿದೆ. ಇಷ್ಟವಿದ್ದವರು ಓದಿ ನೋಡಿ ಕೊಳ್ಳಲಿ. ತಿಳಿದು ಕುಡಿಯುವುದು ಬೇರೆ, ಅದೇ ಕಾಫಿಯೆಂದು ನಂಬಿ ಕುಡಿಯುವುದು ಬೇರೆ.

ಈಚೆಗೆ ಪಟ್ಟಣಗಳಲ್ಲಿ ಬಗೆಬಗೆಯ ಪರಿಮಳ ಬೆರೆಸಿದ ಕಾಫಿ ದುಬಾರಿ ಬೆಲೆಗೆ ಮಾರಾಟವಾಗುತ್ತದೆ. ಹುರಿದ ಬೀಜಕ್ಕೆ ಪರಿಮಳದ ಎಣ್ಣೆ ಸವರುವುದು ಅಲ್ಲಿನ ಕ್ರಮ. ಪರಿಮಳ ಬೆರೆಸುವುದು ಹೊಸತೂ ಅಲ್ಲ, ತಪ್ಪೂ ಅಲ್ಲ. ಅರಬರು ಕಾಫಿಗೆ ಏಲಕ್ಕಿ ಹಾಕುತ್ತಾರೆ. ಯೆಮೆನ್ನಿನವರು ಕಾಫಿಯ ಸಿಪ್ಪೆಯನ್ನೇ ಶುಂಠಿಯೊಡನೆ ಕುದಿಸಿ ಕುಡಿಯುತ್ತಾರೆ. ಏಲಕ್ಕಿ, ಶುಂಠಿ ಎರಡೂ ನಮ್ಮ ತೋಟ ಗದ್ದೆಗಳವು. ಬೀಜ ಬೀಸುವಾಗ ಎರಡು ಏಲಕ್ಕಿಯ ಕಾಳು ಸೇರಿಸಿ ನೋಡಿ. ಮಳೆಗಾಲದ ಸಂಜೆಗೆ ಒಂದು ಚೂರು ಒಣಶುಂಠಿ. ಈ ಶತಮಾನದ ಮೊದಲ ವರ್ಷಗಳಲ್ಲಿ ವೆನಿಲ್ಲಾ ಬೆಲೆ ಏರಿದಾಗ ನಮ್ಮವರು ಬೆಳಗಿನ ಹೊತ್ತು ಒಂದೊಂದೇ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿ ಬೆಳೆದರು. ಬೆಲೆ ಬಿದ್ದಾಗ ಬಳ್ಳಿಯನ್ನು ಕಿತ್ತರು. ಎಲ್ಲಿಯಾದರೂ ಒಂದು ಬಳ್ಳಿ ಉಳಿದಿದ್ದರೆ, ಸಂಸ್ಕರಿಸಿದ ಒಂದು ಕೋಡನ್ನು ಸಕ್ಕರೆ ಡಬ್ಬಿಯಲ್ಲಿ ಹುಗಿದಿಡಿ. ಆ ಸಕ್ಕರೆಯೇ ಕಾಫಿಗೆ ಪರಿಮಳ ಕೊಡುತ್ತದೆ. ಜೋನಿಬೆಲ್ಲ ಇಷ್ಟವಾದವರು ಒಲೆಯಿಂದ ಇಳಿಸಿದ ಮೇಲೆ ಬೆರೆಸಿದರೆ ಹಾಲು ಒಡೆಯುವ ಭಯ ಕಡಿಮೆ. ಆದರೆ ಇವೆಲ್ಲ ಒಗ್ಗರಣೆ ಇದ್ದಂತೆ. ಸಾರೇ ಹಳಸಿದ್ದರೆ ಒಗ್ಗರಣೆಯಿಂದ ಏನು ಬಂತು?

1940ರ ದಶಕದಿಂದ 1990ರ ದಶಕದ ನಡುವಿನವರೆಗೂ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಯ ಒಟ್ಟು ಸಂಗ್ರಹಕ್ಕೆ ಒಪ್ಪಿಸಬೇಕಾಗಿತ್ತು. ಆ ಕಟ್ಟು ಹಂತಹಂತವಾಗಿ ಸಡಿಲಗೊಂಡು, 1996ರ ಹೊತ್ತಿಗೆ ಎಲ್ಲ ಬೆಳೆಗಾರರೂ ಬೇಕಾದವರಿಗೆ ಮಾರಬಹುದಾಯಿತು. ಮಾರುವ ಸ್ವಾತಂತ್ರ್ಯವನ್ನು ನಾವು ಬಳಸಿಕೊಂಡೆವು. ಒಂದು ಮೂಟೆಯನ್ನು ಮನೆಗೆಂದು ಉಳಿಸಿಕೊಳ್ಳುವುದನ್ನು ಮಾತ್ರ ಮರೆತೆವು. ಅಡಿಕೆಗೆ ಎಲೆಚುಕ್ಕೆ ರೋಗ ತಗಲಿ ರೈತ ಕಂಗೆಟ್ಟಿರುವ ಈ ದಿನಗಳಲ್ಲಿ ತೋಟದ ನಡುವಿನ ಕಾಫಿ ಕೆಲವು ಮನೆಗಳಿಗಾದರೂ ಆಸರೆ. ತನ್ನ ಬೀಜವನ್ನು ಹುರಿದು ಕುಡಿದವನಿಗೆ, ಅರೆಹಣ್ಣು ಕೊಯ್ದರೆ ಏನಾಗುತ್ತದೆ, ಒಣಗಿಸುವಾಗ ಸೋಮಾರಿಯಾದರೆ ಏನಾಗುತ್ತದೆ ಎಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ. ಅವನ ನಾಲಗೆಯೇ ಹೇಳುತ್ತದೆ. ಬೆಲೆ ಕಟ್ಟುವ ವ್ಯಾಪಾರಿಯ ಮುಂದೆ ಅವನು ತಿಳಿದವನಾಗಿ ನಿಲ್ಲುತ್ತಾನೆ.

ಕಳೆದ ಚಳಿಗಾಲದಲ್ಲಿ ಆ ವಿದ್ಯಾರ್ಥಿಯ ಮನೆಗೆ ಮತ್ತೆ ಹೋದೆ. ಅಟ್ಟದಿಂದ ಅಜ್ಜಿಯ ಬಾಣಲೆಯನ್ನು ಇಳಿಸಿ, ತುಕ್ಕು ಉಜ್ಜಿ, ನಾವಿಬ್ಬರೂ ಸೇರಿ ಅವರ ತೋಟದ ಬೀಜ ಹುರಿದೆವು. ಮೊದಲ ಸದ್ದು ಸಿಡಿದಾಗ ಶಾಲೆಗೆ ಹೋಗುವ ಅವರ ಮಗಳು ಓಡಿ ಬಂದಳು. ಬೀಜ ಒಂದು ಕಡೆ ಕಪ್ಪು, ಒಂದು ಕಡೆ ಕಂದು – ಹದ ಅಷ್ಟೇನೂ ಸಮನಾಗಿರಲಿಲ್ಲ. ಮರುದಿನ ಬೆಳಿಗ್ಗೆ ಫಿಲ್ಟರಿಗೆ ನೀರು ಹುಯ್ದಾಗ ಕಂಪು ಜಗಲಿಯವರೆಗೂ ಬಂತು. ‘ಅಜ್ಜಿ ಇದ್ದಾಗ ಮನೆ ಹೀಗೇ ಇರುತ್ತಿತ್ತು ಸರ್’ ಎಂದರು ಅವರು. ಈಗ ಆ ಮನೆಯಲ್ಲಿ ವಾರಕ್ಕೊಮ್ಮೆ ಹುರಿಯುತ್ತಾರೆ. ಸದ್ದಿಗೆ ಕಿವಿಗೊಟ್ಟು ‘ಇಳಿಸು’ ಎಂದು ಹೇಳುವ ಕೆಲಸ ಮಗಳದಂತೆ.