ಮನೆಯ ಗಾಳಿಯಲ್ಲಿ ಏನೇನಿದೆ?

"ದಿನಾ ಸ್ನಾನ ಮಾಡಿಸಿ ಲೋಬಾನದ ಹೊಗೆ ಹಾಕ್ತೇವೆ ಡಾಕ್ಟ್ರೇ, ಆದ್ರೂ ಮಗುವಿನ ಕಫ ಹೋಗ್ತಾ ಇಲ್ಲ." ಹಸುಗೂಸನ್ನು ಎತ್ತಿಕೊಂಡು ನನ್ನ ದವಾಖಾನೆಗೆ ಬರುವ ಅಜ್ಜಿಯರಿಂದ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಹೊಗೆಯೇ ಕಫವನ್ನು ಹೆಚ್ಚಿಸುತ್ತಿರಬಹುದು ಎಂದರೆ ಅವರಿಗೆ ಅಚ್ಚರಿ.

ನಾವು ಉಸಿರಾಡುವ ಗಾಳಿಯಲ್ಲಿ ನೀರಾವಿಯನ್ನು ಬಿಟ್ಟರೆ ಶೇ. 78ರಷ್ಟು ಸಾರಜನಕ, ಶೇ. 21ರಷ್ಟು ಆಮ್ಲಜನಕ, ಶೇ. 1ಕ್ಕಿಂತ ತುಸು ಕಡಿಮೆ ಆರ್ಗಾನ್ ಇವೆ. ಇಂಗಾಲದ ಡೈ ಆಕ್ಸೈಡ್ ಸುಮಾರು ಶೇ. 0.04 ಮಾತ್ರ. ಈ ಪ್ರಮಾಣ ಕಡಲತೀರದಲ್ಲೂ ಘಟ್ಟದ ಮೇಲೂ ಹೆಚ್ಚುಕಡಿಮೆ ಒಂದೇ. ಊರಿಂದೂರಿಗೆ, ಮನೆಯಿಂದ ಮನೆಗೆ ಬದಲಾಗುವುದು ಗಾಳಿಯಲ್ಲಿ ತೇಲುವ ಕಣಗಳು: ಮಣ್ಣಿನ ಧೂಳು, ಸಮುದ್ರದ ಉಪ್ಪು, ಹೂವಿನ ಪರಾಗ, ಹೊಗೆಯ ಮಸಿ. ಇಂಥ ಕಣಗಳ ಸುತ್ತ ನೀರಾವಿ ಹನಿಗಟ್ಟಿಯೇ ಮೋಡವಾಗುತ್ತದೆ. ಆದರೆ ಮೋಡಕ್ಕೆ ಬೇಕಾದದ್ದು ಶ್ವಾಸಕೋಶಕ್ಕೆ ಬೇಡ.

ಕಿಟಕಿಯಿಂದ ಬೀಳುವ ಬಿಸಿಲಿನಲ್ಲಿ ಕುಣಿಯುವ ಧೂಳನ್ನು ನೀವು ನೋಡಿರುತ್ತೀರಿ. ಅದರ ಬಹುಭಾಗವನ್ನು ಮೂಗೇ ತಡೆಯುತ್ತದೆ. ಅಪಾಯ ಇರುವುದು ಕಣ್ಣಿಗೆ ಕಾಣದ ಕಣಗಳಲ್ಲಿ. ಪತ್ರಿಕೆಗಳಲ್ಲಿ ನೀವು ಓದುವ 'ಪಿಎಂ 2.5' ಎಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ. ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟೂ ಇಲ್ಲ. ಇವು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಹೋಗುತ್ತವೆ. ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ.

ಇವು ಬರುವುದು ರಸ್ತೆಯ ವಾಹನಗಳಿಂದ ಮಾತ್ರವಲ್ಲ. ಒಂದು ಸೊಳ್ಳೆಬತ್ತಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣಗಳನ್ನು ಬಿಡಬಲ್ಲದು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಸೌದೆ ಒಲೆ, ಅಗರಬತ್ತಿ, ಲೋಬಾನದ ಹೊಗೆಯಲ್ಲೂ ಇಂಥ ಕಣಗಳೇ ಇವೆ. ದೊಡ್ಡವರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡಿದರೆ ಹಸುಗೂಸು 40ರ ಆಸುಪಾಸು ಉಸಿರಾಡುತ್ತದೆ. ಹಾಗಾಗಿ ಒಂದೇ ಕೋಣೆಯಲ್ಲಿದ್ದರೂ ತೂಕಕ್ಕೆ ಹೋಲಿಸಿದರೆ ಹೆಚ್ಚು ಹೊಗೆ ಹೋಗುವುದು ಮಗುವಿನೊಳಗೆ.

ಯುನಾನಿ ವೈದ್ಯದಲ್ಲಿ ಬದುಕಿಗೆ ಅನಿವಾರ್ಯವಾದ ಆರು ಅಂಶಗಳನ್ನು 'ಅಸ್ಬಾಬೆ ಸಿತ್ತಾ ಝರೂರಿಯಾ' ಎನ್ನುತ್ತೇವೆ. ಅದರಲ್ಲಿ ಮೊದಲನೆಯದೇ ಹವಾ. ಗೋಡೆಗಳ ನಡುವೆ ಕಟ್ಟಿಹಾಕಿದ, ಹೊಗೆ ಬೆರೆತ ಗಾಳಿ ಒಳ್ಳೆಯದಲ್ಲ ಎಂದು ಇಬ್ನ್ ಸೀನಾ ಸುಮಾರು ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದಾರೆ. ಹಳೆಯ ಹಕೀಮರು ಧೂಪವನ್ನೂ ಬಳಸುತ್ತಿದ್ದರು, ನಿಜ. ಆದರೆ ಬಾಗಿಲು ಮುಚ್ಚಿದ ಬಾಣಂತಿ ಕೋಣೆ ಅದಕ್ಕೆ ತಕ್ಕ ಜಾಗವಲ್ಲ.

ಹೀಗೆ ಮಾಡಿ:

• ಮಗುವನ್ನು ಹೊಗೆಯ ಮೇಲೆ ಹಿಡಿಯಬೇಡಿ. ತಲೆಯನ್ನು ಒಣ ಬಟ್ಟೆಯಿಂದ ಒರೆಸಿದರೆ ಸಾಕು.
• ಲೋಬಾನ ಹಾಕಲೇಬೇಕೆಂದರೆ ಹೊರಗೆ ಜಗಲಿಯಲ್ಲಿ ಹಾಕಿ.
• ಸೊಳ್ಳೆಬತ್ತಿಯ ಬದಲು ಸೊಳ್ಳೆಪರದೆ ಕಟ್ಟಿ.
• ಒಣ ಪೊರಕೆಯಿಂದ ಧೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ.
• ಅಡುಗೆ ಮಾಡುವಾಗ ಎದುರುಬದುರು ಕಿಟಕಿಗಳನ್ನು ತೆರೆದಿಡಿ.
• ಉಬ್ಬಸ ಇರುವವರು ಇನ್ಹೇಲರನ್ನು ತಾವಾಗಿ ನಿಲ್ಲಿಸಬಾರದು. ನಾನು ಔಷಧ ಕೊಟ್ಟಾಗಲೂ ಇದನ್ನೇ ಹೇಳುತ್ತೇನೆ.
• ಮಗುವಿನ ಪಕ್ಕೆ ಒಳಸೇದುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಹಾಲು ಕುಡಿಯದಿದ್ದರೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಊರಿನ ಗಾಳಿಯನ್ನು ಒಬ್ಬರೇ ಸರಿಪಡಿಸಲಾಗದು. ಆದರೆ ಮಗು ಮಲಗುವ ಕೋಣೆಯ ಕಿಟಕಿ ತೆರೆಯುವುದು ಇವತ್ತೇ ನಿಮ್ಮಿಂದ ಆಗುವ ಕೆಲಸ.