ಕರಗದ ಬಿಳಿ ಮಚ್ಚೆ: ಮಗುವಿನ ಶ್ವಾಸಕೋಶದ ಗಡ್ಡೆಯನ್ನು ಪತ್ತೆಹಚ್ಚುವ ಬಗೆ

ಮಕ್ಕಳ ಎದೆಯ ಎಕ್ಸ್-ರೇಯಲ್ಲಿ ಬಿಳಿ ಮಚ್ಚೆ ಕಂಡರೆ ಅದು ಬಹುಪಾಲು ನ್ಯುಮೋನಿಯಾ. ಸುಮಾರು 8 ವರ್ಷದೊಳಗಿನವರಲ್ಲಿ ಅದು ಗುಂಡಗೆ, ಥೇಟ್ ಗಡ್ಡೆಯ ಹಾಗೇ ಕಾಣುವುದುಂಟು. ಗಾಳಿಗೂಡುಗಳ ನಡುವಿನ ಸಣ್ಣ ದಾರಿಗಳು ಆ ವಯಸ್ಸಿಗೆ ಪೂರ್ತಿ ಬೆಳೆದಿರುವುದಿಲ್ಲ. ಸೋಂಕು ಹರಡದೆ ಒಂದೇ ಕಡೆ ಉಂಡೆಗಟ್ಟುತ್ತದೆ. ಹಾಗಾಗಿ ಮೊದಲ ಫಿಲ್ಮ್ ನೋಡಿ ವೈದ್ಯರು ಗಡ್ಡೆ ಎಂದು ತೀರ್ಮಾನಿಸುವುದಿಲ್ಲ. ಔಷಧಿ ಮುಗಿದು ಕೆಲವು ವಾರ ಕಳೆದರೂ ಮಚ್ಚೆ ಕರಗದಿದ್ದರೆ, ಅದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ ಬಂದರೆ, ಟಿಬಿ ಚಿಕಿತ್ಸೆಗೂ ಅದು ಜಗ್ಗದಿದ್ದರೆ ಅನುಮಾನ ಶುರುವಾಗುತ್ತದೆ.

ಕೆಲವೊಮ್ಮೆ ಎದೆಯ ಒಂದು ಭಾಗವೇ ಪೂರ್ತಿ ಬೆಳ್ಳಗಾಗಿರುತ್ತದೆ. ಒಳಗಿರುವುದು ನೀರೋ ಗಟ್ಟಿ ಗಡ್ಡೆಯೋ ಎಕ್ಸ್-ರೇ ಹೇಳಲಾರದು. ಇಲ್ಲಿ ಅಲ್ಟ್ರಾಸೌಂಡ್ ಕೆಲಸಕ್ಕೆ ಬರುತ್ತದೆ. ವಿಕಿರಣವಿಲ್ಲ, ಮಗುವಿಗೆ ಮಂಪರು ಕೊಡಬೇಕಿಲ್ಲ, ಹಾಸಿಗೆಯ ಪಕ್ಕದಲ್ಲೇ ನೋಡಬಹುದು.

ಗಟ್ಟಿ ವಸ್ತು ಇದೆ ಎಂದಾದರೆ ಕಾಂಟ್ರಾಸ್ಟ್ ಔಷಧಿ ಕೊಟ್ಟು ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ವಿಕಿರಣದ ಪ್ರಮಾಣವನ್ನು ಮಗುವಿನ ಮೈಗಾತ್ರಕ್ಕೆ ತಕ್ಕಂತೆ ಇಳಿಸಬೇಕು. ರೇಡಿಯಾಲಜಿಸ್ಟ್ ಮೊದಲು ನೋಡುವುದು ಗಂಟು ಒಂದೋ, ಹಲವೋ ಎಂದು. ಮಕ್ಕಳ ಶ್ವಾಸಕೋಶದಲ್ಲಿ ಕಾಣುವ ಕ್ಯಾನ್ಸರ್ ಗಂಟುಗಳಲ್ಲಿ ಹೆಚ್ಚಿನವು ಬೇರೆಡೆಯಿಂದ ಬಂದವು, ಮೂತ್ರಪಿಂಡದ ವಿಲ್ಮ್ಸ್ ಗಡ್ಡೆಯಿಂದಲೋ ಮೂಳೆಯ ಕ್ಯಾನ್ಸರ್‌ನಿಂದಲೋ. ಪಕ್ಕೆಲುಬು ಸವೆದಿದ್ದರೆ ಎದೆಗೋಡೆಯ ಯೂಯಿಂಗ್ ಸಾರ್ಕೋಮಾ ನೆನಪಾಗುತ್ತದೆ. ಪಕ್ಕೆಲುಬು ಕೆಡದೆ, ಸುಣ್ಣದ ಅಂಶವೂ ಕಾಣದೆ, ದೊಡ್ಡ ಗಡ್ಡೆಯೊಂದು ಹೃದಯವನ್ನೇ ಪಕ್ಕಕ್ಕೆ ತಳ್ಳಿದ್ದರೆ ಪ್ಲೂರೋಪಲ್ಮನರಿ ಬ್ಲಾಸ್ಟೋಮಾ (ಪಿಪಿಬಿ) ಇರಬಹುದು. ಪುಟ್ಟ ಮಕ್ಕಳ ಶ್ವಾಸಕೋಶದಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಮುಖ್ಯವಾದದ್ದು ಇದೇ. ಮೆದುಳಿಗೆ ಹರಡುವ ಸ್ವಭಾವ ಇರುವುದರಿಂದ ಗಟ್ಟಿ ಪಿಪಿಬಿ ಇದ್ದ ಮಗುವಿಗೆ ತಲೆಯ ಎಂಆರ್‌ಐ ಕೂಡ ಬೇಕು.

ನಿಜವಾದ ಪೇಚು ಇರುವುದು ಇದರ ಮೊದಲ ರೂಪದಲ್ಲಿ. ಹುಟ್ಟಿದ ಒಂದೆರಡು ವರ್ಷದೊಳಗೆ ಪಿಪಿಬಿ ಬರೀ ಗಾಳಿ ತುಂಬಿದ ಚೀಲದಂತಿರುತ್ತದೆ. ಮುಂದೆ ಅದರಲ್ಲಿ ಗಟ್ಟಿ ಭಾಗ ಸೇರಿಕೊಂಡು, ಮೂರು-ನಾಲ್ಕರ ವಯಸ್ಸಿಗೆ ಪೂರ್ತಿ ಗಡ್ಡೆಯಾಗಬಹುದು. ಚೀಲದ ಹಂತದಲ್ಲೇ ತೆಗೆದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. ಆದರೆ ಹುಟ್ಟಿನಿಂದಲೇ ಬರುವ, ಕ್ಯಾನ್ಸರ್ ಅಲ್ಲದ ಗಾಳಿಚೀಲಗಳೂ ಸಿ.ಟಿ.ಯಲ್ಲಿ ಹೀಗೇ ಕಾಣುತ್ತವೆ. ಚಿತ್ರವೊಂದರಿಂದಲೇ ಎರಡನ್ನೂ ಖಚಿತವಾಗಿ ಬೇರ್ಪಡಿಸಲಾಗದು. ಎರಡೂ ಕಡೆ ಚೀಲಗಳಿದ್ದರೆ, ಚೀಲ ಒಡೆದು ಶ್ವಾಸಕೋಶದ ಸುತ್ತ ಗಾಳಿ ಸೇರಿದ್ದರೆ ಅನುಮಾನ ಬಲವಾಗುತ್ತದೆ. ಮಹಾಪಧಮನಿಯಿಂದ ನೇರವಾಗಿ ರಕ್ತನಾಳವೊಂದು ಚೀಲಕ್ಕೆ ಬಂದಿದ್ದರೆ ಅನುಮಾನ ತಗ್ಗುತ್ತದೆ. ಕಡೆಯ ಮಾತು ಮಾತ್ರ ಕತ್ತರಿಸಿ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪೆಥಾಲಜಿಸ್ಟ್‌ರದ್ದು.

2009ರಲ್ಲಿ ಪಿಪಿಬಿಗೂ ಡೈಸರ್1 ಎಂಬ ಜೀನ್‌ಗೂ ಇರುವ ನಂಟು ಗೊತ್ತಾಯಿತು. ಆ ಜೀನ್‌ನಲ್ಲಿನ ದೋಷ ವಂಶದಲ್ಲಿ ಹರಿಯಬಲ್ಲದು. ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಅದೇ ದೋಷದ ಸುಳಿವಾಗಬಲ್ಲ ಥೈರಾಯ್ಡ್ ಗಂಟು, ಅಂಡಾಶಯದ ಗಡ್ಡೆ ಚಿಕ್ಕ ವಯಸ್ಸಿಗೇ ಬಂದಿದ್ದರೆ ವೈದ್ಯರಿಗೆ ತಿಳಿಸಿ. ಹಳೆಯ ಎಕ್ಸ್-ರೇಗಳ ಜೊತೆಗೆ ತಾಯಿಯ ಐದನೇ ತಿಂಗಳ ಸ್ಕ್ಯಾನ್ ರಿಪೋರ್ಟನ್ನೂ ಒಯ್ಯಿರಿ. ಚೀಲ ಆಗಲೇ ಕಂಡಿದ್ದರೆ ಅದು ಹುಟ್ಟುದೋಷವಾಗಿರುವ ಸಂಭವ ಹೆಚ್ಚು. ಆಗ ಕಾಣದ್ದು ಈಗ ಕಂಡಿದ್ದರೆ ಶಸ್ತ್ರಚಿಕಿತ್ಸಕರು ಕಾಯಲು ಹಿಂಜರಿಯುತ್ತಾರೆ.