ಕುಟುಂಬದೊಂದಿಗೆ ಮೊದಲ ಬಾರಿ ಕ್ರೂಸ್ ಹೊರಡುವವರು ಕೇಳಿ ತಿಳಿದಿರಬೇಕಾದದ್ದು



ನಮ್ಮ ಬಸದಿಯಿಂದ ಹೊರಡುವ ಯಾತ್ರೆಗಳ ವ್ಯವಸ್ಥೆ ನೋಡಿಕೊಳ್ಳುವವರಲ್ಲಿ ನಾನೂ ಒಬ್ಬ. ಶಿಖರಜಿಗೆ ಹೊರಟವರು ರೈಲಿನಲ್ಲಿ ಕೆಳಗಿನ ಬರ್ತ್ ಕೇಳುತ್ತಾರೆ, ಶ್ರವಣಬೆಳಗೊಳಕ್ಕೆ ಹೊರಟ ಹಿರಿಯರು ಡೋಲಿ ಕೇಳುತ್ತಾರೆ. ಇದಕ್ಕೆಲ್ಲ ಉತ್ತರ ನನಗೆ ಬಾಯಿಪಾಠ. ಆದರೆ ನಾವು ಮನೆಮಂದಿಯೆಲ್ಲ ಹಡಗಿನಲ್ಲಿ ಹೋಗಿ ಬಂದ ಸುದ್ದಿ ಹರಡಿದ ಮೇಲೆ, ಅಂಗಡಿಗೆ ಬಂದವರು ಪಾತ್ರೆಯ ರೇಟು ಬಿಟ್ಟು ಬೇರೆಯದನ್ನೇ ಕೇಳತೊಡಗಿದ್ದಾರೆ. "ಅಣ್ಣಾರ, ಹಡಗಿನಾಗ ನಮ್ಮ ಊಟ ಸಿಗತೈತೇನ್ರಿ? ವಾಂತಿ ಆಗತೈತೇನ್ರಿ? ಖರ್ಚು ಎಷ್ಟ ಬಂತ್ರಿ?" ಒಬ್ಬೊಬ್ಬರಿಗೂ ಹೇಳಿ ಬಾಯಿ ನೋಯಿಸಿಕೊಳ್ಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ನಾವು ಹೋದವರು ಏಳು ಜನ. ಎಂಬತ್ತೆರಡು ವರ್ಷದ ನಮ್ಮ ಅವ್ವ, ನಾನು, ನನ್ನ ಹೆಂಡತಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಹುಬ್ಬಳ್ಳಿಯಿಂದ ರೈಲಿನಲ್ಲಿ ಮುಂಬೈ, ಅಲ್ಲಿಂದ ಹಡಗಿನಲ್ಲಿ ಲಕ್ಷದ್ವೀಪದ ಕಡೆ, ಮತ್ತೆ ಮುಂಬೈ. ಹೊರಡುವ ಮುಂಚೆ ಅವ್ವ ಕೇಳಿದ್ದು ಒಂದೇ ಮಾತು, "ಹಡಗಿನಾಗ ಧವಳಸೇಠ ಇಲ್ಲ ಹೌದಲ್ಲೋ?" ಶ್ರೀಪಾಲನನ್ನು ಸಮುದ್ರಕ್ಕೆ ನೂಕಿದ ಆ ಸೇಠನ ಕಥೆ ಕೇಳಿ ಬೆಳೆದವಳಿಗೆ ಹಡಗೆಂದರೆ ಮೊದಲು ನೆನಪಾಗುವುದು ಅದೇ.

ಯಾವಾಗ ಹೋಗಬೇಕು

ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಕೆರಳಿರುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಇಳಿಯುವಂತೆಯೇ ಇಲ್ಲ. ಮೀನಿನ ಸಂತಾನಕಾಲ ಎಂಬುದು ಅದಕ್ಕೆ ಮುಖ್ಯ ಕಾರಣವಾದರೂ, ಆಗ ಸಮುದ್ರ ಹೇಗಿರುತ್ತದೆಂದು ಕರಾವಳಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ಆದ್ದರಿಂದ ಮೊದಲ ಸಲ ಹೋಗುವವರು ದೀಪಾವಳಿ ಕಳೆದ ಮೇಲೆ, ನವೆಂಬರಿನಿಂದ ಮಾರ್ಚಿನೊಳಗೆ ಹೋಗುವುದು ಒಳ್ಳೆಯದು. ನಮ್ಮವರಿಗೆ ಇದು ಅನುಕೂಲವೂ ಹೌದು. ಚಾತುರ್ಮಾಸ, ದಶಲಕ್ಷಣ ಪರ್ವ ಎಲ್ಲ ಮುಗಿದಿರುತ್ತದೆ.

ಮುಂಬೈನಿಂದ ಈ ಬಗೆಯ ಪ್ರಯಾಣ ನಮ್ಮ ಮಧ್ಯಮ ವರ್ಗದವರ ಕೈಗೆ ಎಟುಕಿದ್ದು ಈಚೆಗೆ. ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು 2021ರ ಸೆಪ್ಟೆಂಬರಿನಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಓಡಾಡತೊಡಗಿತು. 1990ರಲ್ಲಿ ಕಟ್ಟಿದ ಆ ಹಡಗು ಮೊದಲು ವಿದೇಶಿ ಕಂಪನಿಯ ಕೈಯಲ್ಲಿತ್ತು. ಸಿಂಗಾಪುರದಿಂದ ಮಲೇಷ್ಯಾ, ಥಾಯ್ಲೆಂಡ್ ಕಡೆ ಹೋಗುವ ಹಡಗುಗಳಲ್ಲೂ ನಮ್ಮ ದೇಶದವರೇ ತುಂಬಿರುತ್ತಾರೆ. ಆದರೆ ಅದಕ್ಕೆ ಪಾಸ್‌ಪೋರ್ಟ್, ವೀಸಾ, ವಿಮಾನ ಎಲ್ಲ ಬೇಕು. ಮೊದಲ ಸಲಕ್ಕೆ ಮುಂಬೈನಿಂದ ಎರಡು ಮೂರು ರಾತ್ರಿಯ ಪ್ರಯಾಣ ಸಾಕು. ನಾವು ಒಮ್ಮೆಲೇ ದೂರದ್ದು ಆರಿಸಿದೆವು. ಹೋಗುವಾಗ ಪೂರ್ತಿ ಒಂದು ದಿನ ನೆಲವೇ ಕಾಣುವುದಿಲ್ಲ. ಮಕ್ಕಳಿಗೆ ಅದು ಮಜಾ, ಅವ್ವನಿಗೆ ಆಗಲಿಲ್ಲ.

ಊಟದ ವಿಷಯ: ನಾನು ಮಾಡಿದ ತಪ್ಪು

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಬಹಳ ಮಂದಿ ಹಿಂದೆಗೆಯುವುದು ಇದಕ್ಕೇ.

ಬುಕಿಂಗ್ ಮಾಡುವಾಗ ಫಾರ್ಮಿನಲ್ಲಿ "ಜೈನ್ ಊಟ" ಎಂದು ಗುರುತು ಹಾಕಿದೆ, ಕೆಲಸ ಮುಗಿಯಿತು ಅಂದುಕೊಂಡೆ. ನನ್ನ ಹೆಂಡತಿ ಮೂವತ್ತೊಂದು ವರ್ಷದಿಂದ ರಾತ್ರಿಭೋಜನ ತ್ಯಾಗ ನಡೆಸಿಕೊಂಡು ಬಂದವಳು. ಮಗನ ಮದುವೆಯ ಗದ್ದಲದಲ್ಲೂ ತಪ್ಪಿಸಲಿಲ್ಲ, ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ತಪ್ಪಿಸಲಿಲ್ಲ. ಡಿಸೆಂಬರಿನಲ್ಲಿ ಮುಂಬೈ ಕಡೆ ಸೂರ್ಯ ಮುಳುಗುವುದು ಆರು ಗಂಟೆಯ ಆಸುಪಾಸಿಗೆ. ನಾವು ಹಡಗು ಹತ್ತಿ, ಕ್ಯಾಬಿನ್ ಹುಡುಕಿ, ಸುರಕ್ಷತೆಯ ತಾಲೀಮು ಮುಗಿಸಿ ಊಟದ ಹಾಲಿನ ಹತ್ತಿರ ಹೋದಾಗ ಐದೂ ಮುಕ್ಕಾಲು. ರಾತ್ರಿಯ ಊಟ ಶುರುವಾಗುವುದು ಏಳರ ಮೇಲೆ. "ಅಲ್ರೀ, ಊಟದ ಹೊತ್ತು ಕೇಳಿದ್ರೇನು?" ಅಂದಳು. ಕೇಳಿರಲಿಲ್ಲ. ಮನೆಯಿಂದ ತಂದ ಚುರುಮುರಿ, ಎರಡು ಬಾಳೆಹಣ್ಣು ತಿಂದು ನೀರು ಕುಡಿದು ಕೂತಳು. ಯಾರಿಗೂ ಏನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಇಷ್ಟು ಬೇಜಾರು ಆಗುತ್ತಿರಲಿಲ್ಲ.

ಅದೇ ರಾತ್ರಿ ಊಟದ ಹಾಲಿನ ಮೇಲ್ವಿಚಾರಕನನ್ನು ಕಂಡು ವಿಷಯ ಹೇಳಿದೆ. ಮಾರನೆಯ ದಿನದಿಂದ ಐದೂವರೆಗೆ ಅವಳಿಗೂ ಅವ್ವನಿಗೂ ಬಿಸಿ ಫುಲ್ಕಾ, ಬೇಳೆ, ಪಲ್ಯ ಸಿಕ್ಕಿತು. ಒಂದು ಮಾತಿನಿಂದ ಆಗುವ ಕೆಲಸ. ಆ ಮಾತನ್ನು ಹೊರಡುವ ಹದಿನೈದು ದಿನ ಮುಂಚೆ ಬರವಣಿಗೆಯಲ್ಲಿ ತಿಳಿಸಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ. ಏಜೆಂಟ್ ಫೋನಿನಲ್ಲಿ "ಎಲ್ಲ ಆಗುತ್ತೆ ಸರ್" ಅನ್ನುವುದನ್ನು ನಂಬಿ ಕೂರಬೇಡಿ. ಹಡಗು ಹತ್ತಿದ ಕೂಡಲೇ ಮತ್ತೊಮ್ಮೆ ಖುದ್ದಾಗಿ ಹೇಳಿ.

"ಜೈನ್ ಊಟ" ಎಂದರೆ ಅವರ ಲೆಕ್ಕದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ್ದು. ಗಜ್ಜರಿ, ಮೂಲಂಗಿ, ಹಸಿ ಶುಂಠಿ, ಅಣಬೆ, ಜೇನುತುಪ್ಪ ನಿಮಗೆ ನಡೆಯುವುದಿಲ್ಲ ಅಂದರೆ ಹೆಸರು ಹಿಡಿದು ಹೇಳಬೇಕು. ಕೇಕು, ಪುಡಿಂಗ್, ಐಸ್‌ಕ್ರೀಂಗಳಲ್ಲಿ ಮೊಟ್ಟೆ ಅಥವಾ ಜೆಲಟಿನ್ ಇದೆಯೇ ಎಂದು ಪ್ರತಿ ಸಲ ಕೇಳಿ. ಬಫೆಯಲ್ಲಿ ಚಮಚಗಳು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೋಗುತ್ತವೆ, ಆದ್ದರಿಂದ ಕಟ್ಟುನಿಟ್ಟಿನವರು ಬಫೆ ಬಿಟ್ಟು ಮೇಜಿಗೆ ತಂದು ಬಡಿಸುವ ಹಾಲಿನಲ್ಲೇ ಕೂರುವುದು ಲೇಸು. ಪ್ರಯಾಣದ ನಡುವೆ ಅಷ್ಟಮಿ, ಚತುರ್ದಶಿ ಬಂದರೆ ಹಸಿರು ತರಕಾರಿ ಬಿಟ್ಟವರಿಗೆ ಅನ್ನ, ಬೇಳೆ, ಕಾಳು ಬೇಕೆಂದು ಮುಂಚೆಯೇ ತಿಳಿಸಿ. ಪಂಚಾಂಗ ನೋಡಿಯೇ ದಿನ ಆರಿಸಿದರೆ ಈ ತಾಪತ್ರಯವೂ ಇಲ್ಲ.

ಕುಡಿಯುವ ನೀರಿನ ಬಗ್ಗೆ ಅವ್ವ ಬಹಳ ಕೇಳಿದಳು. ದೊಡ್ಡ ಹಡಗುಗಳು ಬಂದರಿನಲ್ಲಿ ನೀರು ತುಂಬಿಸಿಕೊಳ್ಳುತ್ತವೆ, ಜೊತೆಗೆ ಸಮುದ್ರದ ನೀರನ್ನೇ ಕಾಯಿಸಿ ಆವಿ ಮಾಡಿಯೋ, ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿಯೋ ಸಿಹಿನೀರು ಮಾಡಿಕೊಳ್ಳುತ್ತವೆ. ಗಾಳಿಸುವ ಬಟ್ಟೆ ತೆಗೆದುಕೊಂಡು ಹೋಗಲು ಯಾರೂ ಬೇಡ ಅನ್ನುವುದಿಲ್ಲ. ಅವ್ವ ಕೊನೆಯ ದಿನದವರೆಗೂ ಗಾಳಿಸಿಯೇ ಕುಡಿದಳು.

ಆದರೆ ಊದುಬತ್ತಿ, ದೀಪ, ಬೆಂಕಿಪೊಟ್ಟಣಕ್ಕೆ ಅವಕಾಶವಿಲ್ಲ. ನಡುನೀರಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಹಡಗಿನವರಿಗೆ ಇಲ್ಲ. ಇಸ್ತ್ರಿ ಪೆಟ್ಟಿಗೆ, ಕರೆಂಟಿನ ಕೆಟಲ್, ಎಕ್ಸ್‌ಟೆನ್ಷನ್ ವೈರು ಕೂಡ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ನಮ್ಮ ಸೊಸೆಯ ಪುಟ್ಟ ಕೆಟಲ್ ಅಲ್ಲೇ ಉಳಿಯಿತು, ಇಳಿಯುವಾಗ ರಸೀದಿ ತೋರಿಸಿ ವಾಪಸು ಪಡೆದೆವು. ಜಪ, ಸಾಮಾಯಿಕಕ್ಕೆ ಬೆಳಗಿನ ಐದೂವರೆಗೆ ಮೇಲಿನ ಡೆಕ್ ಒಳ್ಳೆಯ ಜಾಗ, ಆಗ ಅಲ್ಲಿ ನೆಲ ತೊಳೆಯುವವರು ಬಿಟ್ಟರೆ ಯಾರೂ ಇರುವುದಿಲ್ಲ.

ಕ್ಯಾಬಿನ್ ಆರಿಸುವಾಗ

ಕಿಟಕಿಯಿಲ್ಲದ ಒಳಗಿನ ಕೋಣೆ ಅಗ್ಗ, ಕಿಟಕಿ ಇರುವುದು ಸ್ವಲ್ಪ ಹೆಚ್ಚು, ಬಾಲ್ಕನಿ ಇರುವುದು ದುಬಾರಿ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದು: ನಾಲ್ಕು ಜನರ ಕ್ಯಾಬಿನ್ ಎಂದರೆ ಬಹಳ ಸಲ ಎರಡು ಹಾಸಿಗೆ ಕೆಳಗೆ, ಎರಡು ಗೋಡೆಯಿಂದ ಇಳಿಯುವಂಥವು, ರೈಲಿನ ಮೇಲಿನ ಬರ್ತಿನ ಹಾಗೆ. ಮಂಡಿ ನೋವಿನವರು ಏಣಿ ಹತ್ತಲಾರರು. ಆದ್ದರಿಂದ ಹಿರಿಯರನ್ನು ಇಬ್ಬರ ಕ್ಯಾಬಿನ್‌ನಲ್ಲಿ ಹಾಕಿ, ಮಕ್ಕಳಿರುವ ಕ್ಯಾಬಿನ್ ಅದರ ಪಕ್ಕದಲ್ಲೇ ಇರಲಿ ಎಂದು ಬುಕಿಂಗ್ ದಿನವೇ ಕೇಳಿ. ಲಿಫ್ಟಿಗೆ ಹತ್ತಿರ ಇರಲಿ, ಹಡಗಿನ ಓಣಿಗಳು ಬಹಳ ಉದ್ದ.

ಹೊಯ್ದಾಟ ಕಡಿಮೆ ಬೇಕಾದರೆ ಹಡಗಿನ ಉದ್ದದ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ತೆಗೆದುಕೊಳ್ಳಿ. ಮಕ್ಕಳ ತೂಗುಹಲಗೆಯನ್ನು ನೆನೆಸಿಕೊಳ್ಳಿ, ನಡುವೆ ಕೂತವನಿಗೆ ಕಡಿಮೆ, ತುದಿಗೆ ಕೂತವನಿಗೆ ಜಾಸ್ತಿ. ದೊಡ್ಡ ಹಡಗಿನ ಎರಡೂ ಮಗ್ಗುಲಿಗೆ ನೀರಿನೊಳಗೆ ಮೀನಿನ ರೆಕ್ಕೆಯಂಥ ಹಲಗೆಗಳಿರುತ್ತವೆ, ಅವು ಮಗ್ಗುಲಿಂದ ಮಗ್ಗುಲಿಗೆ ತೂಗುವುದನ್ನು ತಗ್ಗಿಸುತ್ತವೆ. ಆದರೂ ತಲೆ ತಿರುಗುವವರಿಗೆ ತಿರುಗುತ್ತದೆ. ಮಾತ್ರೆ ತೆಗೆದುಕೊಳ್ಳುವುದಾದರೆ ವಾಂತಿ ಬರುವ ಮುಂಚೆ ತೆಗೆದುಕೊಳ್ಳಬೇಕು, ಬಂದ ಮೇಲೆ ಅಷ್ಟು ಪ್ರಯೋಜನವಿಲ್ಲ. ಆದರೆ ಈ ಮಾತ್ರೆಗಳಲ್ಲಿ ಹಲವು ನಿದ್ದೆ ತರಿಸುತ್ತವೆ. ಪ್ರಾಸ್ಟೇಟ್ ತೊಂದರೆ, ಕಣ್ಣಿನ ಗ್ಲಾಕೋಮಾ ಇರುವ ಹಿರಿಯರಿಗೆ ಕೆಲವು ಆಗಿಬರುವುದಿಲ್ಲ. ಅಂಗಡಿಯವನನ್ನು ಕೇಳಿ ನುಂಗಬೇಡಿ, ನಿಮ್ಮ ಡಾಕ್ಟರನ್ನು ಕೇಳಿ. ತಲೆ ಸುತ್ತಿದಾಗ ಕ್ಯಾಬಿನ್‌ನಲ್ಲಿ ಮಲಗಿ ಮೊಬೈಲ್ ನೋಡುವುದಕ್ಕಿಂತ ಡೆಕ್ಕಿಗೆ ಬಂದು ದೂರದ ದಿಗಂತ ನೋಡುತ್ತಾ ನಿಲ್ಲುವುದು ಮೇಲು. ಅವ್ವ ಮಾತ್ರೆ ಬೇಡವೆಂದು ಮನೆಯ ಒಣಶುಂಠಿ ಪುಡಿ, ಬೆಲ್ಲದ ಉಂಡೆಯಲ್ಲೇ ಮುಗಿಸಿದಳು. ಹಸಿ ಶುಂಠಿ ಮುಟ್ಟದವರಿಗೂ ಒಣಶುಂಠಿಗೆ ಅಡ್ಡಿಯಿಲ್ಲವಲ್ಲ.

ದುಡ್ಡು

ಜಾಹೀರಾತಿನಲ್ಲಿ ಕಾಣುವ ದರ ಒಬ್ಬರದು, ಅದೂ ಇಬ್ಬರು ಒಂದು ಕ್ಯಾಬಿನ್ ಹಂಚಿಕೊಂಡರೆ. ಅದರ ಮೇಲೆ ಬಂದರು ಶುಲ್ಕ, ಜಿಎಸ್‌ಟಿ ಬರುತ್ತದೆ. ಹಡಗಿನ ಸಿಬ್ಬಂದಿಯ ಟಿಪ್ಸ್ ಎಂದು ದಿನಕ್ಕಿಷ್ಟು ಸೇರಿಸುವ ಕಂಪನಿಗಳೂ ಉಂಟು. "ಕೊನೆಗೆ ಏಳು ಜನಕ್ಕೆ ಒಟ್ಟು ಎಷ್ಟು?" ಎಂದು ಒಂದೇ ಅಂಕಿ ಕೇಳಿ. ರದ್ದು ಮಾಡಿದರೆ ಎಷ್ಟು ಕಡಿತ ಎಂಬುದನ್ನೂ ಕೇಳಿ, ಹೊರಡುವ ದಿನ ಹತ್ತಿರವಾದಷ್ಟೂ ಕಡಿತ ಹೆಚ್ಚುತ್ತದೆ.

ಒಳಗೆ ನಗದು ನಡೆಯುವುದಿಲ್ಲ. ಕ್ಯಾಬಿನ್ ಕೀಲಿಯ ಕಾರ್ಡೇ ಲೆಕ್ಕದ ಪುಸ್ತಕ. ಮುಖ್ಯ ಊಟ ಟಿಕೆಟ್ಟಿನಲ್ಲಿ ಸೇರಿರುತ್ತದೆ, ಆದರೆ ಬಾಟಲಿ ಪಾನೀಯ, ಇಂಟರ್ನೆಟ್, ಆಟದ ಯಂತ್ರಗಳು, ದಂಡೆಯ ಸುತ್ತಾಟ ಬಹುತೇಕ ಬೇರೆ. ನಮ್ಮ ಮೊಮ್ಮಗ ಕಾರ್ಡ್ ತೋರಿಸಿದರೆ ಕೊಡುತ್ತಾರೆ ಎಂದು ತಿಳಿದು ಒಂದೇ ಮಧ್ಯಾಹ್ನ ತನಗೂ ಹೊಸ ಗೆಳೆಯರಿಗೂ ಸೇರಿ ಒಂಬತ್ತು ಮಾಕ್‌ಟೇಲ್ ಕೊಡಿಸಿದ್ದ. "ಅಜ್ಜಾ, ರೊಕ್ಕ ಕೇಳಲೇ ಇಲ್ಲ" ಅಂದ. ಕೌಂಟರಿನಲ್ಲಿ ಹೇಳಿದರೆ ಮಕ್ಕಳ ಕಾರ್ಡಿಗೆ ಮಿತಿ ಹಾಕುತ್ತಾರೆ. ಪ್ರತಿ ಸಂಜೆ ಲೆಕ್ಕ ನೋಡಿ, ಅಂಗಡಿಯ ಗಲ್ಲಾ ಎಣಿಸಿದ ಹಾಗೆ.

ಮೊಬೈಲಿನ ವಿಷಯದಲ್ಲಿ ಇನ್ನೂ ಜೋಪಾನ. ದಂಡೆ ದೂರವಾದ ಮೇಲೆ ನಮ್ಮ ಸಿಮ್‌ಗೆ ಸಿಗ್ನಲ್ ಇರುವುದಿಲ್ಲ. ಹಡಗಿನ ಉಪಗ್ರಹ ಜಾಲಕ್ಕೆ ಫೋನ್ ತಾನಾಗಿ ಸೇರಿಕೊಂಡರೆ ಬಿಲ್ಲು ಕಣ್ಣಲ್ಲಿ ನೀರು ತರಿಸುತ್ತದೆ. ಹೊರಟ ಕೂಡಲೇ ಏರೋಪ್ಲೇನ್ ಮೋಡಿಗೆ ಹಾಕಿ. ಅಂಗಡಿಯ ಹುಡುಗರಿಗೆ ಮೊದಲೇ ಹೇಳಿಟ್ಟಿದ್ದೆ, ಆಕಾಶ ಕಳಚಿ ಬೀಳಲಿಲ್ಲ.

ಸುರಕ್ಷತೆಯ ತಾಲೀಮು ತಪ್ಪಿಸಬೇಡಿ

ಹಡಗು ಹತ್ತಿದ ದಿನವೇ, ಅಪಾಯದಲ್ಲಿ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ತೊಡಬೇಕು ಎಂದು ತೋರಿಸುತ್ತಾರೆ. ಏಳು ಸಲ ಚಿಕ್ಕದಾಗಿ, ಎಂಟನೆಯದು ಉದ್ದವಾಗಿ ಸೀಟಿ ಕೂಗಿದರೆ ಅದು ಅಪಾಯದ ಸೂಚನೆ. ಬಹಳ ಜನ ಆ ಹೊತ್ತಿಗೆ ಚಹಾ ಕುಡಿಯುತ್ತಾ ಫೋಟೋ ತೆಗೆಯುತ್ತಿರುತ್ತಾರೆ. 2012ರ ಜನವರಿ 13ರಂದು ಇಟಲಿಯ ದಂಡೆಯ ಹತ್ತಿರ ಕೋಸ್ಟಾ ಕಾಂಕೋರ್ಡಿಯಾ ಎಂಬ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅದರಲ್ಲಿ ಅಂದೇ ಹತ್ತಿದ ಎಷ್ಟೋ ಪ್ರಯಾಣಿಕರಿಗೆ ತಾಲೀಮು ಇನ್ನೂ ಆಗಿರಲಿಲ್ಲ. ಆಗಿನ ನಿಯಮದಲ್ಲಿ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2015ರಿಂದ ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಮಾಡಲೇಬೇಕೆಂದು ಅಂತರರಾಷ್ಟ್ರೀಯ ನಿಯಮ ಬದಲಾಯಿತು. ಮಕ್ಕಳ ಅಳತೆಯ ಜಾಕೆಟ್ ಕ್ಯಾಬಿನ್‌ನಲ್ಲಿ ಇದೆಯೇ ನೋಡಿ, ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ.

ಈಜುಕೊಳದ ಹತ್ತಿರ ಕಾವಲಿಗೆ ಯಾರಾದರೂ ಇರುತ್ತಾರೆಂದು ಹಲವು ಹಡಗುಗಳಲ್ಲಿ ನಂಬುವ ಹಾಗಿಲ್ಲ, ಮನೆಯವರೇ ಒಬ್ಬರು ಕೂರಬೇಕು. ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಯಿರಿ. ಹಡಗುಗಳಲ್ಲಿ ಹರಡುವ ನೋರೋವೈರಸ್ ವಾಂತಿಭೇದಿಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ.

ಲಕ್ಷದ್ವೀಪಕ್ಕೆ ಹೊರಗಿನವರು ಇಳಿಯಲು ಪರವಾನಗಿ ಬೇಕು. ಅದರ ಕಾಗದಪತ್ರ ಕಂಪನಿಯವರು ಹೇಳಿದ ದಿನದೊಳಗೆ ಕೊಡಿ, ಗುರುತಿನ ಚೀಟಿಯ ಹೆಸರು ಮತ್ತು ಟಿಕೆಟ್ಟಿನ ಹೆಸರು ಅಕ್ಷರಕ್ಕಕ್ಷರ ಒಂದೇ ಇರಲಿ. ಅಲ್ಲಿ ದೊಡ್ಡ ಹಡಗು ದಂಡೆಗೆ ಹೋಗಲಾರದು. ದೂರದಲ್ಲೇ ಲಂಗರು ಹಾಕುತ್ತದೆ, ಚಿಕ್ಕ ದೋಣಿಗೆ ಇಳಿದು ಹೋಗಬೇಕು. ದೋಣಿ ಅಲೆಗೆ ಏರಿ ಇಳಿಯುತ್ತಿರುತ್ತದೆ, ನಡುವೆ ಒಂದು ಹೆಜ್ಜೆ ಇಡಬೇಕು. ಆ ಹೆಜ್ಜೆಯನ್ನು ಅವ್ವ ನೋಡಿದಳು, "ನೀವು ಹೋಗ್ರಿ, ನಾ ಇಲ್ಲೇ ಕೂತು ನೋಡ್ತೀನಿ" ಅಂದಳು. ಅಷ್ಟು ದೂರ ಕರೆತಂದು ನೆಲ ಮುಟ್ಟಿಸದೆ ವಾಪಸು ಒಯ್ದೆನಲ್ಲ ಎಂದು ನನಗೆ ಇವತ್ತಿಗೂ ಅನಿಸುತ್ತದೆ. ವಯಸ್ಸಾದವರಿದ್ದರೆ ಹಡಗು ಕಟ್ಟೆಗೆ ತಾಗಿ ನಿಲ್ಲುವ ಊರನ್ನೇ ಆರಿಸಿ. ಬುಕಿಂಗಿಗೆ ಮುಂಚೆ ಕೇಳಿದರೆ ಹೇಳುತ್ತಾರೆ. ಇಳಿದವರು ಹೇಳಿದ ಹೊತ್ತಿಗೆ ಅರ್ಧ ಗಂಟೆ ಮುಂಚೆಯೇ ವಾಪಸು ಬನ್ನಿ, ಹಡಗು ಯಾರಿಗಾಗಿಯೂ ಕಾಯುವುದಿಲ್ಲ.

ಸಾಮಾನಿನ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಹತ್ತುವ ದಿನ ದೊಡ್ಡ ಚೀಲಗಳನ್ನು ಬಂದರಿನಲ್ಲೇ ಕೊಡಬೇಕು, ಅವು ಕ್ಯಾಬಿನ್ ಬಾಗಿಲಿಗೆ ಬರಲು ಕೆಲವು ಗಂಟೆ ಹಿಡಿಯುತ್ತದೆ. ಬಿಪಿ, ಸಕ್ಕರೆ ಮಾತ್ರೆಗಳು, ಜಪಮಾಲೆ, ಒಂದು ಜೊತೆ ಬಟ್ಟೆ, ಮೊದಲ ಸಂಜೆಗೆ ಮನೆಯ ತಿಂಡಿ ಕೈಚೀಲದಲ್ಲಿರಲಿ. ಕೊನೆಯ ರಾತ್ರಿ ಅದೇ ಚೀಲಗಳನ್ನು ಬಾಗಿಲ ಹೊರಗೆ ಇಡಿ ಅನ್ನುತ್ತಾರೆ, ಮಲಗಿದ್ದಾಗಲೇ ಒಯ್ಯುತ್ತಾರೆ. ನಮ್ಮ ಮಗ ಎಲ್ಲವನ್ನೂ ಅಚ್ಚುಕಟ್ಟಾಗಿ ತುಂಬಿ ಹೊರಗಿಟ್ಟ. ಬೆಳಿಗ್ಗೆ ನೋಡಿದರೆ ಹಾಕಿಕೊಳ್ಳಲು ಪ್ಯಾಂಟೇ ಇರಲಿಲ್ಲ. ಮುಂಬೈಯ ಬಲ್ಲಾರ್ಡ್ ಪಿಯರಿನಲ್ಲಿ ನನ್ನ ಪಂಚೆ ಸುತ್ತಿಕೊಂಡು ಇಳಿದ, ಸಾಮಾನು ಸಿಗುವವರೆಗೂ ಹಾಗೆಯೇ ನಿಂತಿದ್ದ.